‘ಮಸ್ಟ್ ಹ್ಯಾವ್’ ಅಂದರೆ ‘ಬೇಕಿತ್ತು’ ಅಲ್ಲ

“ಯು ಮಸ್ಟ್ ಹ್ಯಾವ್ ಇನ್‌ಫಾರ್ಮ್ಡ್ ಮಿ ಅರ್ಲಿಯರ್.” ಕೆಲಸಕ್ಕೆ ಹೋಗುವವರಿಗೆ ಇಂಗ್ಲಿಷ್ ಕಲಿಸುವ ನನಗೆ ಅವರ ಆಫೀಸ್ ಮೇಲ್‌ಗಳಲ್ಲಿ ಪದೇ ಪದೇ ಸಿಗುವ ವಾಕ್ಯ ಇದು. ಬರೆದವರ ಮನಸ್ಸಿನಲ್ಲಿ ಇರುವುದು “ನೀವು ಮೊದಲೇ ತಿಳಿಸಬೇಕಿತ್ತು” ಅಂತ. ಓದುವವರಿಗೆ ಅರ್ಥವಾಗುವುದು “ನೀವು ಮೊದಲೇ ತಿಳಿಸಿರಬೇಕು, ನನಗೇ ನೆನಪಿಲ್ಲ ಅನ್ಸುತ್ತೆ” ಅಂತ. ಜಗಳ ಮಾಡೋಕೆ ಹೋಗಿ ತಪ್ಪನ್ನು ತಮ್ಮ ತಲೆ ಮೇಲೇ ಹಾಕಿಕೊಂಡ ಹಾಗಾಯ್ತು, ಅಲ್ವಾ?

ಈ ತಪ್ಪು ಶಾಲೆಯಿಂದ ಬಂದದ್ದು. ಶುಡ್ ಅಂದರೆ ‘ಬೇಕು’, ಮಸ್ಟ್ ಅಂದರೆ ‘ಲೇಬೇಕು’ ಅಂತ ಬಾಯಿಪಾಠ ಮಾಡಿಸುತ್ತಾರೆ. ಈಗಿನ ಮಾತಿಗೆ, ಮುಂದಿನ ಮಾತಿಗೆ ಅದು ಸರಿ. ಹಿಂದೆ ನಡೆದ ವಿಷಯಕ್ಕೆ ಬಂದರೆ ಮಸ್ಟ್ ತನ್ನ ಕೆಲಸವನ್ನೇ ಬದಲಾಯಿಸುತ್ತದೆ. ಮಸ್ಟ್, ಹ್ಯಾವ್, ಆಮೇಲೆ ವರ್ಬಿನ ಮೂರನೇ ರೂಪ, ಅಂದರೆ ವಿ ತ್ರೀ. ಈ ಮೂರೂ ಸೇರಿದರೆ ಸಾಮಾನ್ಯವಾಗಿ ಅದು ಊಹೆ. ಕಡ್ಡಾಯದ ಮಾತು ಅಲ್ಲ. ಆಕ್ಷೇಪಣೆಗೆ ಬೇಕಾದದ್ದು ಶುಡ್ ಹ್ಯಾವ್.

ಊಹೆ, ಆಕ್ಷೇಪಣೆ ಎರಡೂ ಬೇರೆ ಅನ್ನೋದು ನಮಗೆ ಹೊಸದೇನಲ್ಲ. ಕನ್ನಡದಲ್ಲಿ ಯಾರೂ ಇದನ್ನು ತಪ್ಪು ಮಾಡುವುದಿಲ್ಲ. ‘ಹೋಗಿರಬೇಕು’, ‘ಹೋಗಬೇಕಿತ್ತು’ ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಸಾಮಾನು ಒಂದೇ: ಹೋಗು, ಬೇಕು, ಇರು. ‘ಇರು’ ಎಲ್ಲಿ ಕೂತಿದೆ ಅನ್ನೋದಷ್ಟೇ ವ್ಯತ್ಯಾಸ. ‘ಹೋಗಿರಬೇಕು’ ಅನ್ನುವಾಗ ಹೋಗುವ ಕೆಲಸ ಹಿಂದೆಯೇ ಮುಗಿದಿದೆ, ‘ಬೇಕು’ ಮಾತ್ರ ಇವತ್ತಿನದು. ಈಗ ಕೂತು ಊಹಿಸುತ್ತಿದ್ದೀವಿ. ‘ಹೋಗಬೇಕಿತ್ತು’ ಅನ್ನುವಾಗ ‘ಬೇಕು’ ಅನ್ನೋದೇ ‘ಇತ್ತು’ ಜೊತೆ ಹಿಂದಕ್ಕೆ ಹೋಗಿದೆ. ಅವತ್ತು ಅಗತ್ಯ ಇತ್ತು, ಸಾಮಾನ್ಯವಾಗಿ ಹೋಗಲಿಲ್ಲ ಅಂತ ಅರ್ಥ. ‘ಬಹುದು’ ಕೂಡ ಹೀಗೇ. ‘ಹೋಗಿರಬಹುದು’ ಅಂದರೆ ಗೊತ್ತಿಲ್ಲ. ‘ಹೋಗಬಹುದಿತ್ತು’ ಅಂದರೆ ಗೊತ್ತು, ಹೋಗಲಿಲ್ಲ.

ಇಂಗ್ಲಿಷ್‌ಗೆ ಈ ಆಟ ಆಡೋಕೆ ಬರುವುದಿಲ್ಲ. ಅಲ್ಲಿ ಮೋಡಲ್ ವರ್ಬ್, ಅಂದರೆ ಮಸ್ಟ್, ಶುಡ್, ಮೇ ತರಹದ ಪದ ಮೊದಲು, ಹ್ಯಾವ್ ನಡುವೆ, ವಿ ತ್ರೀ ಕೊನೆಗೆ. ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ. ಹಾಗಾಗಿ ಅರ್ಥ ಬದಲಾಗಬೇಕಾದರೆ ಮೋಡಲ್ ಪದವನ್ನೇ ಬದಲಾಯಿಸಬೇಕು. ಕ್ಲಾಸಿನಲ್ಲಿ ನಾನು ಹೇಳುವುದು ಇಷ್ಟೇ: ಮೊದಲು ಕನ್ನಡದಲ್ಲಿ ಅಂದುಕೊಳ್ಳಿ. ಕೊನೆಗೆ ‘ಇತ್ತು’ ಬಂತಾ? ಶುಡ್ ಹ್ಯಾವ್ ಅಥವಾ ಕುಡ್ ಹ್ಯಾವ್. ನಡುವೆ ‘ಇರ’ ಬಂತಾ? ಮಸ್ಟ್ ಹ್ಯಾವ್, ಮೇ ಹ್ಯಾವ್ ಅಥವಾ ಮೈಟ್ ಹ್ಯಾವ್. ನೂರಕ್ಕೆ ನೂರು ಹೊಂದುವುದಿಲ್ಲ. “ದೇ ಶುಡ್ ಹ್ಯಾವ್ ರೀಚ್ಡ್ ಬೈ ನೌ” ಅಂದರೆ “ಇಷ್ಟೊತ್ತಿಗೆ ತಲುಪಿರಬೇಕು” ಅಂತಲೂ ಆಗುತ್ತದೆ. ಕುಡ್ ಹ್ಯಾವ್ ಎರಡೂ ಕಡೆ ಓಡಾಡುತ್ತದೆ. ಆದರೆ ಮೇಲ್ ಬರೆಯೋಕೆ ಈ ಸೂತ್ರ ಧಾರಾಳವಾಗಿ ಸಾಕು.

‘ಇಲ್ಲ’ ಸೇರಿದಾಗ ಇನ್ನೊಂದು ತಿರುವು ಇದೆ. “ಅವನು ಹೋಗಿರೋಕೆ ಸಾಧ್ಯವೇ ಇಲ್ಲ” ಅನ್ನೋಕೆ ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ಮಸ್ಟ್ ಬಿಟ್ಟು ಕ್ಯಾನ್ ಹಿಡಿಯುತ್ತಾರೆ: “ಹಿ ಕಾಂಟ್ ಹ್ಯಾವ್ ಗಾನ್.” ಅಮೆರಿಕದವರು ಊಹೆಗೆ ಮಸ್ಟ್ ನಾಟ್ ಹ್ಯಾವ್ ಅನ್ನುವುದೂ ಉಂಟು. “ಹೋಗಬಾರದಿತ್ತು” ಅನ್ನೋದಕ್ಕೆ ಮಾತ್ರ ಶುಡಂಟ್ ಹ್ಯಾವ್ ಹಿಡಿಯಿರಿ.

ಮೇ ಹ್ಯಾವ್, ಮೈಟ್ ಹ್ಯಾವ್ ಎರಡೂ ಒಂದೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಬೈಕ್ ಅಪಘಾತದ ಸುದ್ದಿ ಬರೆಯುವಾಗ ಈ ಸಡಿಲ ಭಾರಿಯಾಗುತ್ತದೆ. “ದ ರೈಡರ್ ಮೇ ಹ್ಯಾವ್ ಡೈಡ್” ಅಂದರೆ ಸತ್ತಿರಬಹುದು, ಇನ್ನೂ ಗೊತ್ತಿಲ್ಲ. “ವಿದೌಟ್ ದ ಹೆಲ್ಮೆಟ್ ಹಿ ಮೈಟ್ ಹ್ಯಾವ್ ಡೈಡ್” ಅಂದರೆ ಸಾಯಬಹುದಿತ್ತು, ಹೆಲ್ಮೆಟ್ ಇದ್ದಿದ್ದಕ್ಕೆ ಉಳಿದ. ಗೊತ್ತಿಲ್ಲದ ವಿಷಯಕ್ಕೆ ಎರಡರಲ್ಲಿ ಯಾವುದಾದರೂ ಸರಿ. ಏನಾಯಿತು ಅಂತ ಗೊತ್ತಾದ ಮೇಲೆ ಮೈಟ್ ಮಾತ್ರ. ಇಂಗ್ಲಿಷ್ ಪತ್ರಿಕೆಗಳಲ್ಲೇ ಈಗ ಇವೆರಡನ್ನು ಕಲಸಿ ಬರೆಯುತ್ತಾರೆ, ನಿಜ. ಆದರೂ ಬದುಕಿರುವವನ ಮನೆಯವರು ಓದುತ್ತಾರೆ ಅಂತ ನೆನಪಿಟ್ಟುಕೊಂಡರೆ ಒಳ್ಳೆಯದು.

ಕ್ಯಾನ್‌ಗೆ ಕುಡ್, ಮೇಗೆ ಮೈಟ್, ವಿಲ್‌ಗೆ ವುಡ್, ಶಲ್‌ಗೆ ಶುಡ್. ಮಸ್ಟ್‌ಗೆ ಮಾತ್ರ ಭೂತಕಾಲದ ಜೋಡಿ ಯಾಕಿಲ್ಲ ಅಂತ ಜಾಣ ವಿದ್ಯಾರ್ಥಿಗಳು ಕೇಳುತ್ತಾರೆ. ಮಸ್ಟ್ ತಾನೇ ಒಂದು ಭೂತಕಾಲದ ರೂಪ. ಹಳೆಯ ಇಂಗ್ಲಿಷ್‌ನಲ್ಲಿದ್ದ ‘ಮೋಟನ್’ ಅನ್ನುವ ಕ್ರಿಯಾಪದದ ಭೂತಕಾಲ ಅದು. ಮೂಲ ಪದ ಬಳಕೆ ತಪ್ಪಿ ಹೋಯಿತು, ಇದು ವರ್ತಮಾನಕ್ಕೆ ಬಂದು ಕೂತಿತು. ಇನ್ನೊಂದು ಸುಮ್ನೆ ಹೇಳ್ತೀನಿ: ಕುಡ್ ಸ್ಪೆಲ್ಲಿಂಗ್‌ನಲ್ಲಿ ‘ಎಲ್’ ಮೊದಲು ಇರಲೇ ಇಲ್ಲ. ವುಡ್, ಶುಡ್ ನೋಡಿ ಇದಕ್ಕೂ ಸೇರಿಸಿದರು. ಉಚ್ಚಾರ ಮಾಡದ ಅಕ್ಷರಕ್ಕೆ ಮಕ್ಕಳು ಇವತ್ತಿಗೂ ಮಾರ್ಕ್ಸ್ ಕಳೆದುಕೊಳ್ಳುತ್ತಾರೆ.

ಮಸ್ಟ್‌ಗೆ ಭೂತಕಾಲ ಇಲ್ಲದ್ದರಿಂದ ಆ ಕೆಲಸವನ್ನು ಹ್ಯಾಡ್ ಟು ಮಾಡುತ್ತದೆ. ‘ಹೋಗಬೇಕಾಯಿತು’ ಅಂದರೆ ಹ್ಯಾಡ್ ಟು ಗೋ, ಇದರಲ್ಲಿ ಗೊಂದಲ ಇಲ್ಲ. ಗೊಂದಲ ಇರುವುದು ನಮ್ಮ ‘ಬೇಕಿತ್ತು’ನಲ್ಲೇ. “ನಿನ್ನೆ ಮೈಸೂರಿಗೆ ಹೋಗಬೇಕಿತ್ತು, ಅದಕ್ಕೇ ಕ್ಲಾಸಿಗೆ ಬರಲಿಲ್ಲ.” ಹೋಗಿದ್ದಾನೆ, ಹಾಗಾಗಿ ಹ್ಯಾಡ್ ಟು ಗೋ. “ಹೋಗಬೇಕಿತ್ತು, ಮಳೆ ಬಂದು ಎಲ್ಲ ಕೆಟ್ಟಿತು.” ಗೊತ್ತುಮಾಡಿಕೊಂಡಿದ್ದು ನಡೆಯಲಿಲ್ಲ, ಹಾಗಾಗಿ ವಾಸ್ ಸಪೋಸ್ಡ್ ಟು ಗೋ. “ಹೋಗಬೇಕಿತ್ತು, ಸೋಮಾರಿತನ ಮಾಡಿದೆ.” ಈಗ ಪಶ್ಚಾತ್ತಾಪ, ಹಾಗಾಗಿ ಶುಡ್ ಹ್ಯಾವ್ ಗಾನ್. ಕನ್ನಡದಲ್ಲಿ ಮುಂದಿನ ಮಾತು ಅರ್ಥ ಕೊಡುತ್ತದೆ. ಇಂಗ್ಲಿಷ್‌ನಲ್ಲಿ ಮೊದಲೇ ತೀರ್ಮಾನ ಮಾಡಿ ಬಾಯಿ ತೆರೆಯಬೇಕು. ರಜೆ ಕೇಳಿ ಹೋದವರು ವಾಪಸ್ ಬಂದು “ಐ ಶುಡ್ ಹ್ಯಾವ್ ಗಾನ್ ಟು ಮೈಸೂರ್” ಅಂದರೆ, ಮೇಲಿನವರು “ಹಾಗಾದರೆ ಎಲ್ಲಿಗೆ ಹೋಗಿದ್ರಿ?” ಅಂತ ಕೇಳುವುದು ನ್ಯಾಯವೇ.

‘ಐ ಕುಡ್ ಏಬಲ್ ಟು’ ಅನ್ನೋದನ್ನು ಇಂಟರ್‌ವ್ಯೂಗೆ ಹೋಗುವ ಮುಂಚೆ ದಯವಿಟ್ಟು ಮರೆತುಬಿಡಿ. ಕುಡ್ ಅಥವಾ ವಾಸ್ ಏಬಲ್ ಟು, ಒಂದು ಸಾಕು. ಚಿಕ್ಕವರಿದ್ದಾಗ ಈಜೋಕೆ ಬರುತ್ತಿತ್ತು ಅನ್ನುವಂಥ ಸಾಮಾನ್ಯ ಸಾಮರ್ಥ್ಯಕ್ಕೆ ಕುಡ್. ಒಂದು ಸಲ ಕಷ್ಟಪಟ್ಟು ಸಾಧಿಸಿದ್ದಕ್ಕೆ ವಾಸ್ ಏಬಲ್ ಟು ಅಥವಾ ಮ್ಯಾನೇಜ್ಡ್ ಟು. ನಿನ್ನೆ ತತ್ಕಾಲ್‌ನಲ್ಲಿ ಟಿಕೆಟ್ ಸಿಕ್ಕಿತು ಅನ್ನೋಕೆ “ಐ ಮ್ಯಾನೇಜ್ಡ್ ಟು ಗೆಟ್ ಎ ಟಿಕೆಟ್”. ಸಿಗಲಿಲ್ಲ ಅನ್ನೋದಾದರೆ ಈ ತಲೆನೋವಿಲ್ಲ, ಕುಡಂಟ್ ಎಲ್ಲದಕ್ಕೂ ನಡೆಯುತ್ತದೆ.

‘ಬರುತ್ತಿದ್ದೆ’ ಕೂಡ ‘ಬೇಕಿತ್ತು’ ತರಹವೇ ಬಹುರೂಪಿ. “ಹೇಳಿದ್ದರೆ ಬರುತ್ತಿದ್ದೆ” ಅನ್ನೋದನ್ನು “ಇಫ್ ಯು ಟೋಲ್ಡ್, ಐ ವಾಸ್ ಕಮಿಂಗ್” ಅಂತ ಬರೆಯುವವರು ಕಡಿಮೆ ಇಲ್ಲ. ಅದು “ಇಫ್ ಯು ಹ್ಯಾಡ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್”. ರೂಢಿಯಾಗಿ ನಡೆಯುತ್ತಿದ್ದ ಕೆಲಸಕ್ಕೆ ಬರೀ ವುಡ್ ಸಾಕು, ಯೂಸ್ಡ್ ಟು ಕೂಡ ಸರಿ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗುತ್ತಿದ್ದೆವು ಅನ್ನೋಕೆ ಎರಡೂ ನಡೆಯುತ್ತವೆ. ಆದರೆ ಇದ್ದದ್ದನ್ನು ಹೇಳುವಾಗ ವುಡ್ ಬೇಡ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಮೊದಲು ಧರ್ಮಾಂಬುಧಿ ಕೆರೆ ಇತ್ತಲ್ಲ, ಅದಕ್ಕೆ “ದೇರ್ ಯೂಸ್ಡ್ ಟು ಬಿ ಎ ಲೇಕ್ ಹಿಯರ್” ಅನ್ನಬೇಕು.

ಕಿವಿಗೆ ಒಂದು ಎಚ್ಚರಿಕೆ. ಮಾತಿನಲ್ಲಿ ಹ್ಯಾವ್ ಕರಗಿ ‘ಶುಡವ್’, ‘ಕುಡವ್’ ಅಂತ ಕೇಳಿಸುತ್ತದೆ. ಹ್ಯಾವ್ ಬದಲು ‘ಆಫ್’ (ಓ, ಎಫ್) ಅಂತ ಬರೆದುಬಿಡುವವರು ಇಂಗ್ಲಿಷ್ ಮನೆಮಾತಿನವರಲ್ಲೂ ಇದ್ದಾರೆ. ಅವರನ್ನು ನೋಡಿ ಕಲಿಯಬೇಡಿ.

ನೀಡಂಟ್ ಹ್ಯಾವ್ ಅನ್ನೋದು ಅಗತ್ಯವಿಲ್ಲದೆಯೂ ಮಾಡಿದ ಕೆಲಸಕ್ಕೆ. ಡಿಡಂಟ್ ನೀಡ್ ಟು ಅಂದರೆ ಅಗತ್ಯ ಇರಲಿಲ್ಲ ಅಂತ ಅಷ್ಟೇ, ಮಾಡಿದರೋ ಬಿಟ್ಟರೋ ಅದು ಹೇಳುವುದಿಲ್ಲ. ಆದರೆ ಮನೆಗೆ ಬಂದವರು ಏನಾದರೂ ತಂದುಕೊಟ್ಟಾಗ ಇಂಗ್ಲಿಷ್‌ನವರು ಹೆಚ್ಚಾಗಿ ಹೇಳುವುದು “ಓ, ಯು ಶುಡಂಟ್ ಹ್ಯಾವ್!” ಅಂತ. ಅಕ್ಷರಕ್ಕೆ ಅಕ್ಷರ ಹಿಡಿದರೆ ‘ತರಬಾರದಿತ್ತು’. ಅವರು ಹೇಳುತ್ತಿರುವುದು ಮಾತ್ರ ನಮ್ಮ “ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ?” ಅನ್ನೋದನ್ನೇ. ಮೈಸೂರು ಪಾಕ್ ಡಬ್ಬ ಕೊಟ್ಟು ಈ ಮಾತು ಕೇಳಿದಿರೋ, ನಕ್ಕು ಸುಮ್ಮನಿರಿ. ಸಾರಿ ಕೇಳಬೇಡಿ, ಡಬ್ಬವನ್ನಂತೂ ವಾಪಸ್ ತಗೋಬೇಡಿ.