ಎನ್-ಬ್ಯಾಕ್ ಆಡಿದರೆ ಬೆಳೆಯುವುದು ಏನು?

47ಕ್ಕೆ 38 ಅನ್ನು ಪೆನ್ನು ಮುಟ್ಟದೆ ಕೂಡಿಸಿ ನೋಡಿ. 7ಕ್ಕೆ 8 ಸೇರಿಸಿದರೆ 15. ಆ 5 ಅನ್ನು ಒಂದು ಕಡೆ ಇಟ್ಟು, ದಶಕ 1 ಅನ್ನು ಮರೆಯದೆ, 4ಕ್ಕೆ 3 ಕೂಡಿಸಬೇಕು. ಹೀಗೆ ಒಂದನ್ನು ಹಿಡಿದುಕೊಂಡೇ ಇನ್ನೊಂದು ಕೆಲಸ ಮಾಡುತ್ತೇವಲ್ಲ, ಆ ಶಕ್ತಿಗೇ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. 1974ರಲ್ಲಿ ಮನೋವಿಜ್ಞಾನಿಗಳಾದ ಬ್ಯಾಡ್ಲಿ ಮತ್ತು ಹಿಚ್ ಇದನ್ನು ಮೂರು ಭಾಗ ಮಾಡಿ ವಿವರಿಸಿದರು: ಕೇಳಿದ್ದನ್ನು ಹಿಡಿಯುವುದು, ಕಂಡದ್ದನ್ನು ಹಿಡಿಯುವುದು, ಇವೆರಡನ್ನೂ ನಡೆಸುವುದು.

ಇದನ್ನು ಬೆಳೆಸಲು ಕಂಪ್ಯೂಟರ್‌ನಲ್ಲಿ ಮಾಡುವ ಅಭ್ಯಾಸಗಳಲ್ಲಿ ಎನ್-ಬ್ಯಾಕ್ ಹೆಸರುವಾಸಿ. ಎಷ್ಟು ಹೆಜ್ಜೆ ಹಿಂದಿನದನ್ನು ನೆನಪಿಡಬೇಕು ಎಂಬ ಸಂಖ್ಯೆಯೇ ಎನ್. 2-ಬ್ಯಾಕ್ ಅಂದರೆ, ಈಗ ಬಂದ ಅಕ್ಷರ ಎರಡು ಹೆಜ್ಜೆ ಹಿಂದೆ ಬಂದದ್ದೇ ಆಗಿದ್ದರೆ ಬಟನ್ ಒತ್ತಬೇಕು. ಒಂದೊಂದೇ ಅಕ್ಷರ ಬರುತ್ತಿದೆ ಅಂದುಕೊಳ್ಳಿ: ಕ, ಮ, ಕ, ರ, ಸ, ರ, ರ. ಮೂರನೆಯದಾಗಿ ಕ ಬಂದಾಗ ಒತ್ತಬೇಕು, ಆರನೆಯದಾಗಿ ರ ಬಂದಾಗಲೂ ಒತ್ತಬೇಕು. ಕೊನೆಯ ರ ಬಂದಾಗ ಕೈ ತಾನಾಗಿಯೇ ಹೋಗುತ್ತದೆ, ಆದರೆ ಒತ್ತಬಾರದು. ಎರಡು ಹೆಜ್ಜೆ ಹಿಂದೆ ಇದ್ದದ್ದು ಸ. ಕಷ್ಟ ಇರುವುದು ಇಲ್ಲೇ. ಹೊಸದನ್ನು ಸೇರಿಸುತ್ತಾ ಹಳೆಯದನ್ನು ಬಿಡುತ್ತಾ ಹೋಗಬೇಕು.

2008ರಲ್ಲಿ ಸುಸಾನ್ ಯೆಗ್ಗಿ ಮತ್ತು ಸಂಗಡಿಗರು ಇದನ್ನು ಎರಡು ಬಗೆಯಲ್ಲಿ ಒಟ್ಟೊಟ್ಟಿಗೆ ಆಡಿಸಿದರು: ಪರದೆಯ ಮೇಲೆ ಚೌಕದ ಜಾಗ, ಕಿವಿಯಲ್ಲಿ ಅಕ್ಷರ, ಮೂರು ಸೆಕೆಂಡಿಗೊಂದರಂತೆ. ಚೆನ್ನಾಗಿ ಆಡಿದರೆ ಎನ್ ಒಂದು ಏರುತ್ತದೆ, ತಪ್ಪು ಜಾಸ್ತಿಯಾದರೆ ಒಂದು ಇಳಿಯುತ್ತದೆ. ದಿನಕ್ಕೆ ಸುಮಾರು 25 ನಿಮಿಷ, 8ರಿಂದ 19 ದಿನ. ಆಡಿದವರ ಬುದ್ಧಿಶಕ್ತಿ ಪರೀಕ್ಷೆಯ ಅಂಕವೂ ಏರಿತು, ಹೆಚ್ಚು ದಿನ ಆಡಿದಷ್ಟೂ ಲಾಭ ಹೆಚ್ಚು ಎಂದು ಅವರು ಬರೆದರು. ಓದಿದಾಗ ನನಗೂ ತುಂಬಾ ಆಸೆ ಹುಟ್ಟಿತ್ತು.

ಆದರೆ ಹೋಲಿಕೆಗೆ ಇಟ್ಟ ಗುಂಪು ಆ ದಿನಗಳಲ್ಲಿ ಯಾವ ಅಭ್ಯಾಸವನ್ನೂ ಮಾಡಿರಲಿಲ್ಲ. ದಿನಾ ಬಂದು ಶ್ರಮಪಟ್ಟವರಿಗೆ ಹುಮ್ಮಸ್ಸು, ನಿರೀಕ್ಷೆ ಎರಡೂ ಇರುತ್ತವೆ ಅಲ್ವಾ? ಆದ್ದರಿಂದ 2013ರಲ್ಲಿ ರೆಡಿಕ್ ತಂಡ ಇನ್ನೊಂದು ಗುಂಪಿಗೂ ಅಷ್ಟೇ ಶ್ರಮದ ಬೇರೆ ಆಟ ಕೊಟ್ಟಿತು. 20 ಸಲ ಆಡಿದ ಮೇಲೆ ಎನ್-ಬ್ಯಾಕ್‌ನವರು ಎನ್-ಬ್ಯಾಕ್‌ನಲ್ಲಿ ಪಳಗಿದರು. ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಮಾತ್ರ ಮುಂದೆ ಬರಲಿಲ್ಲ. 2016ರಲ್ಲಿ ವರ್ಕಿಂಗ್ ಮೆಮೊರಿ ಅಭ್ಯಾಸದ ಬಗೆಗಿನ 87 ಸಂಶೋಧನಾ ಪ್ರಕಟಣೆಗಳನ್ನು ಒಟ್ಟಿಗೆ ನೋಡಿದಾಗಲೂ ಇದೇ ಕಂಡಿತು: ಅಭ್ಯಾಸ ಮಾಡಿದಂಥದ್ದೇ ಕೆಲಸ ಸುಧಾರಿಸುತ್ತದೆ, ಓದು ಅಥವಾ ಲೆಕ್ಕದವರೆಗೆ ಅದು ಹರಿಯುವುದಿಲ್ಲ. ಅಂಥದ್ದೇ ಕೆಲಸಕ್ಕೆ ಲಾಭ ಹರಿಯುವುದನ್ನು ನಿಯರ್ ಟ್ರಾನ್ಸ್‌ಫರ್, ಓದು, ಲೆಕ್ಕದಂಥ ದೂರದ ಕೆಲಸಕ್ಕೆ ಹರಿಯುವುದನ್ನು ಫಾರ್ ಟ್ರಾನ್ಸ್‌ಫರ್ ಅನ್ನುತ್ತಾರೆ.

ಯಾಕೆ ಹೀಗೆ? ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಕಂಪ್ಯೂಟರ್ ಆಟಗಳಿಗಿಂತ ಹಳೆಯದು. ಎರಿಕ್ಸನ್ ಮತ್ತು ಚೇಸ್ 1980ರಲ್ಲಿ ಎಸ್.ಎಫ್. ಎಂಬ ವಿದ್ಯಾರ್ಥಿಯ ಬಗ್ಗೆ ಬರೆದರು. ಸೆಕೆಂಡಿಗೊಂದು ಅಂಕಿ ಓದಿ ಕೇಳಿಸಿದರೆ ಆರಂಭದಲ್ಲಿ ಆತ 7 ಅಂಕಿ ನೆನಪಿಟ್ಟು ಹೇಳುತ್ತಿದ್ದ. 230 ಗಂಟೆಗಳ ಅಭ್ಯಾಸದ ನಂತರ 79! ಆತ ಓಟಗಾರ. 3492 ಕೇಳಿದರೆ ಅವನಿಗೆ ಅದು 3 ನಿಮಿಷ 49.2 ಸೆಕೆಂಡ್, ಒಂದು ಮೈಲಿ ಓಟದ ಒಳ್ಳೆಯ ಸಮಯ. ನಾಲ್ಕು ಅಂಕಿ ಒಂದೇ ಗಂಟಾಯಿತು. ಆಮೇಲೆ ಅಂಕಿಯ ಬದಲು ಅಕ್ಷರಗಳನ್ನು ಓದಿದರು. ಆತ ಹೇಳಿದ್ದು ಸುಮಾರು ಆರೇ ಆರು. ಬೆಳೆದದ್ದು ಅಂಕಿಗಳನ್ನು ಗಂಟು ಕಟ್ಟುವ ಉಪಾಯ, ವರ್ಕಿಂಗ್ ಮೆಮೊರಿ ಅಲ್ಲ.