ಹಳೇ ಸ್ಪೋರ್ಟ್ಸ್ ಕಾರಿಗೆ ಕನ್ನಡಿ: ಡ್ರಿಲ್ ಹಿಡಿಯೋ ಮುಂಚೆ ಒಂದಿಷ್ಟು ಲೆಕ್ಕ

ಅರವತ್ತರ ದಶಕದ ಎಷ್ಟೋ ಸ್ಪೋರ್ಟ್ಸ್ ಕಾರುಗಳು ಫ್ಯಾಕ್ಟರಿಯಿಂದ ಬರುವಾಗ ಪಕ್ಕದಲ್ಲಿ ಕನ್ನಡಿನೇ ಇರ್ತಿರ್ಲಿಲ್ಲ, ಬೇಕಂದ್ರೆ ಬೇರೆ ದುಡ್ಡು ಕೊಟ್ಟು ಹಾಕಿಸ್ಕೋಬೇಕಿತ್ತು. ಹಂಗಾಗಿ ಅಂಥ ಕಾರನ್ನ ರಿಪೇರಿ ಮಾಡಿ ಬಣ್ಣ ಹೊಡೆಸಿದವ್ರಿಗೆ ಕೊನೇಲಿ ತಲೆ ತಿನ್ನೋ ಪ್ರಶ್ನೆ ಇದೇ, ತೂತು ಎಲ್ಲಿ ಕೊರೆಯೋದು ಅಂತ. ಹೊಸ ಪೇಂಟ್ ಮೇಲೆ ಡ್ರಿಲ್ ಇಡೋವಾಗ ಎಂಥವ್ರಿಗೂ ಕೈ ನಡುಗತ್ತೆ. ಹೆಚ್ಚಿನವ್ರು ಏನ್ಮಾಡ್ತಾರೆ ಅಂದ್ರೆ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತು, ಎಲ್ಲಿಟ್ರೆ ಚಂದ ಅಂತ ನೋಡ್ತಾರೆ. ಎಡವೋದೇ ಅಲ್ಲಿ. ಈ ಜಾಗ ಗೊತ್ತು ಮಾಡ್ಬೇಕಾದ್ದು ಡ್ರೈವರ್ ಸೀಟಲ್ಲಿ ಕೂತಿರೋ ಕಣ್ಣು, ಹೊರಗೆ ನಿಂತಿರೋ ಕಣ್ಣಲ್ಲ.

ಇರೋದು ಎರಡೇ ಜಾಗ. ಒಂದು ಫೆಂಡರ್, ಅಂದ್ರೆ ಮುಂದಿನ ಚಕ್ರದ ಮೇಲಿನ ಭಾಗ, ಇನ್ನೊಂದು ಡೋರ್. (ಬ್ರಿಟನ್ನಲ್ಲಿ ಫೆಂಡರಿಗೆ ವಿಂಗ್ ಅಂತಾರೆ, ಕನ್ನಡಿ ಡೋರಿಗೆ ಬಂದು ಎಷ್ಟೋ ವರ್ಷ ಆದ್ರೂ ಅಲ್ಲಿನ ಜನ ಇನ್ನೂ ವಿಂಗ್ ಮಿರರ್ ಅಂತಾನೇ ಕರೀತಾರೆ.) ಉದ್ದ ಬಾನೆಟ್ಟಿನ ಮೇಲೆ ಮುಂದಕ್ಕೆ ಕೂತ ಪುಟ್ಟ ಕ್ರೋಮ್ ಕನ್ನಡಿ ನೋಡೋಕೆ ಸಕತ್ತಾಗಿರತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅದ್ರಲ್ಲಿ ಕಾಣೋದೆಷ್ಟು?

10 ಸೆಂಟಿಮೀಟರ್ ಅಗಲದ ಒಂದು ಸಪಾಟು ಕನ್ನಡಿ ತಗೊಳ್ಳಿ. ಕನ್ನಡಿ ಅಂದ್ರೆ ಒಂಥರಾ ಕಿಟಕಿ ಇದ್ದಂಗೆ, ಹತ್ರ ನಿಂತ್ರೆ ಹೊರಗಿಂದು ಜಾಸ್ತಿ ಕಾಣತ್ತೆ, ದೂರ ಹೋದ್ರೆ ಕಮ್ಮಿ. ಡ್ರೈವರ್ ಕಡೆ ಡೋರ್ ಮೇಲೆ, ಕಣ್ಣಿಂದ ಒಂದು 55 ಸೆಂಟಿಮೀಟರ್ ದೂರದಲ್ಲಿ ಇಟ್ರೆ ಒಂದು ಕಣ್ಣಿಗೆ ಸುಮಾರು 10 ಡಿಗ್ರಿ ನೋಟ ಸಿಗತ್ತೆ. ಅದನ್ನೇ ಫೆಂಡರಿಗೆ, ಒಂದೂವರೆ ಮೀಟರ್ ದೂರಕ್ಕೆ ತಗೊಂಡೋದ್ರೆ ಉಳಿಯೋದು 4 ಡಿಗ್ರಿಗಿಂತ ಚೂರು ಕಮ್ಮಿ. ರಸ್ತೆ ಲೆಕ್ಕದಲ್ಲಿ ಹೇಳೋದಾದ್ರೆ 50 ಮೀಟರ್ ಹಿಂದೆ ಡೋರ್ ಕನ್ನಡಿ ಎಂಟೂವರೆ ಮೀಟರ್ ಅಗಲ ತೋರಿಸಿದ್ರೆ ಫೆಂಡರ್ ಕನ್ನಡಿ ಮೂರೂಕಾಲು ಮೀಟರ್ ತೋರಿಸತ್ತೆ, ಅಂದ್ರೆ ಹೆಚ್ಚುಕಮ್ಮಿ ಒಂದೇ ಲೇನು. ಎರಡು ಕಣ್ಣು ಇರೋದ್ರಿಂದ ನೋಟ ಇನ್ನೊಂಚೂರು ಹಿಗ್ಗತ್ತೆ, ಆದ್ರೆ ಆ ಲಾಭ ಕೂಡ ಹತ್ತಿರದ ಕನ್ನಡಿಗೇ ಜಾಸ್ತಿ.

ಹಂಗಾದ್ರೆ ಫೆಂಡರಿಗೆ ಉಬ್ಬು ಕನ್ನಡಿ ಹಾಕಿದ್ರಾಯ್ತಲ್ವಾ ಅಂತೀರಾ? ಸ್ಕೂಲಲ್ಲಿ ಪೀನ ದರ್ಪಣ ಅಂತ ಓದಿದ್ದೀವಲ್ಲ, ಅದೇ. ಅದರ ವಕ್ರತೆಯ ತ್ರಿಜ್ಯ 1200 ಮಿಲಿಮೀಟರ್ ಅಂತಿಟ್ಕೊಂಡ್ರೆ ಫೆಂಡರಲ್ಲೂ 13 ಡಿಗ್ರಿ ನೋಟ ಸಿಗತ್ತೆ. ಆದ್ರೆ ಜಾಸ್ತಿ ಜಾಗ ಅಷ್ಟೇ ಗಾಜಲ್ಲಿ ಹಿಡೀಬೇಕು ಅಂದ್ರೆ ಎಲ್ಲಾ ಚಿಕ್ಕದಾಗ್ಲೇಬೇಕು. ಇದೇ ಉಬ್ಬು ಕನ್ನಡಿ ಡೋರ್ ಮೇಲಿದ್ರೆ ಹಿಂದಿನ ಲಾರಿ ಸಪಾಟು ಕನ್ನಡಿಲಿ ಕಾಣೋದರ ಅರ್ಧದಷ್ಟು ಕಾಣತ್ತೆ, ಫೆಂಡರಲ್ಲಿದ್ರೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಲಾರಿ ಇನ್ನೂ ದೂರ ಇದೆ ಅಂದ್ಕೊಂಡು ಪಕ್ಕಕ್ಕೆ ಎಳೆದ್ರೆ ಗತಿ ಏನು? ಅಮೆರಿಕದಲ್ಲಿ ಡ್ರೈವರ್ ಕಡೆ ಸಪಾಟು ಕನ್ನಡಿ ಇರ್ಬೇಕು, ಆಚೆ ಕಡೆ ಉಬ್ಬು ಕನ್ನಡಿ ಹಾಕಿದ್ರೆ ವಸ್ತುಗಳು ಕಾಣೋದಕ್ಕಿಂತ ಹತ್ರ ಇವೆ ಅಂತ ಅದರ ಮೇಲೇ ಬರೆದಿರ್ಬೇಕು ಅಂತ ರೂಲ್ ಇರೋದು ಸುಮ್ನೆ ಅಲ್ಲ.

ಆದ್ರೆ ಫೆಂಡರ್ ಪರವಾಗೂ ಒಂದು ಮಾತಿದೆ. ಎರಡೂ ಕನ್ನಡಿ ಮುಂದಿನ ಗಾಜಿಂದಾನೇ ಕಾಣೋದ್ರಿಂದ ರಸ್ತೆಯಿಂದ ಕಣ್ಣು ಜಾಸ್ತಿ ಸರಿಸಬೇಕಾಗಿಲ್ಲ. ಜಪಾನಲ್ಲಿ 1983ರ ತನಕ ಫೆಂಡರ್ ಕನ್ನಡಿನೇ ಕಡ್ಡಾಯ ಇತ್ತು. 1969ರಲ್ಲಿ ಬಂದ ನಿಸ್ಸಾನ್ ಫೇರ್‌ಲೇಡಿ ಝಡ್ ಅಲ್ಲಿ ಫೆಂಡರ್ ಕನ್ನಡಿ ಇಟ್ಕೊಂಡು ಓಡಾಡ್ತಿತ್ತು, ಅದೇ ಕಾರು ಡಾಟ್ಸನ್ 240ಝಡ್ ಅನ್ನೋ ಹೆಸರಲ್ಲಿ ಅಮೆರಿಕಕ್ಕೆ ಹೋದಾಗ ಕನ್ನಡಿ ಡೋರಿಗೆ ಬಂತು. ಇನ್ನು ಪಕ್ಕದ ಸೀಟಿನ ಕಡೆ ಡೋರ್ ಲೆಕ್ಕ ಅಷ್ಟು ಸಲೀಸಲ್ಲ, ಅಲ್ಲಿ ಕಣ್ಣಿಂದ ಕನ್ನಡಿಗೆ ಹತ್ತಿರ ಹತ್ತಿರ 120 ಸೆಂಟಿಮೀಟರ್ ದೂರ, ಕನ್ನಡಿನೂ ಓರೆಯಾಗಿರತ್ತೆ, ಹಂಗಾಗಿ ಸಪಾಟು ಕನ್ನಡಿಲಿ ಅಲ್ಲೂ 4 ಡಿಗ್ರಿನೇ, ಜೊತೆಗೆ ಪಕ್ಕದಲ್ಲಿ ಕೂತವ್ರ ಮೂಗು ಬೇರೆ ಅಡ್ಡ. ಆ ಕಡೆಗೆ ಉಬ್ಬು ಕನ್ನಡಿ ಹಾಕೋದೇ ವಾಸಿ.

ಇನ್ನು ನಡುಕ. ಕನ್ನಡಿ ಒಂದು ಡಿಗ್ರಿ ತಿರುಗಿದ್ರೆ ಅದರಿಂದ ಬರೋ ಬೆಳಕು ಎರಡು ಡಿಗ್ರಿ ತಿರುಗತ್ತೆ, ಬೀಳೋ ಕೋನ ಪ್ರತಿಫಲನ ಕೋನ ಎರಡೂ ಒಟ್ಟಿಗೇ ಬದಲಾಗೋದ್ರಿಂದ. ಅಂದ್ರೆ ಕನ್ನಡಿ ಬರೀ ಕಾಲು ಡಿಗ್ರಿ ಅಲ್ಲಾಡಿದ್ರೆ ಸಾಕು, 50 ಮೀಟರ್ ಹಿಂದಿನ ನೋಟ 40 ಸೆಂಟಿಮೀಟರಿಗೂ ಜಾಸ್ತಿ ಜೋಲಿ ಹೊಡೆಯತ್ತೆ. 1911ರ ಇಂಡಿಯಾನಾಪೊಲಿಸ್ ರೇಸಲ್ಲಿ ಬೇರೆಯವ್ರೆಲ್ಲಾ ಹಿಂದೆ ನೋಡೋಕೆ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ಕನ್ನ ಕೂರಿಸ್ಕೊಂಡಿದ್ರೆ ರೇ ಹ್ಯಾರೌನ್ ಒಬ್ಬನೇ ಕಾರಿಗೆ ಕನ್ನಡಿ ಕಟ್ಕೊಂಡು ಓಡಿಸಿ ಗೆದ್ದ, ಆಮೇಲೆ ನೋಡಿದ್ರೆ ಇಟ್ಟಿಗೆ ಹಾಸಿದ ಆ ಟ್ರ್ಯಾಕಲ್ಲಿ ಕನ್ನಡಿ ಅದುರಿ ಅದುರಿ ಏನೂ ಕಾಣಿಸ್ತಿರ್ಲಿಲ್ಲ ಅಂತ ಅವನೇ ಒಪ್ಕೊಂಡ. ಅದಕ್ಕೇ ಕಾಂಡ ಗಿಡ್ಡ ಇರೋದು, ಬುಡ ಅಗಲ ಇರೋದು ತಗೊಳ್ಳಿ, ಹಳೇ ಡೋರಿನ ತಗಡು ತೆಳ್ಳಗಿರತ್ತೆ, ಒಳಗಿಂದ ಒಂದು ಪಟ್ಟಿ ಕೊಟ್ಟು ಬಿಗೀಬೇಕು.

ನಾನಾದ್ರೆ ಡ್ರೈವರ್ ಕಡೆ ಡೋರಿಗೆ, ಆದಷ್ಟು ಮುಂದಕ್ಕೆ, ಸಪಾಟು ಕನ್ನಡಿ ಹಾಕ್ತೀನಿ. ಆದಷ್ಟು ಮುಂದಕ್ಕೆ ಅಂದ್ರೂ ಒಂದು ತೊಡಕಿದೆ, ಹಳೇ ಕಾರುಗಳ ಕಿಟಕೀಲಿ ಮುಂದೆ ತ್ರಿಕೋನದ ಪುಟ್ಟ ಗಾಜು ಇರತ್ತಲ್ಲ, ಅದರ ಕಂಬಿ ಸರಿಯಾಗಿ ಕನ್ನಡಿಗೇ ಅಡ್ಡ ಬರಬಹುದು, ಎರಡು ಬೆರಳು ಹಿಂದೆಮುಂದೆ ಮಾಡಿದ್ರೆ ತಪ್ಪತ್ತೆ. ನಿಮ್ಮ ಸೀಟು ನೀವು ಓಡಿಸೋ ಜಾಗಕ್ಕೇ ಎಳ್ಕೊಂಡು ಕೂತು, ಇನ್ನೊಬ್ಬರ ಕೈಲಿ ಕನ್ನಡಿ ಹಿಡಿಸಿ, ಸರಿ ಅನ್ಸಿದ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಹಾಕ್ಕೊಳ್ಳಿ. ಆಮೇಲೆ ಡೋರ್ ಪೂರ್ತಿ ತೆಗೆದು ಕನ್ನಡಿ ಫೆಂಡರಿಗೆ ಬಡಿಯತ್ತಾ ನೋಡಿ. ತೂತು ಕೊರೆದ ತಕ್ಷಣ ಅಂಚಿಗೆ ಪ್ರೈಮರ್ ಹಚ್ಚಿ, ಇಲ್ಲಾಂದ್ರೆ ತುಕ್ಕು ಅಲ್ಲಿಂದಲೇ ಶುರು. ಸ್ಕ್ರೂ ಉದ್ದ ಜಾಸ್ತಿ ಆದ್ರೆ ಕಿಟಕಿ ಗಾಜು ಇಳಿಸಿದಾಗ ಡೋರ್ ಒಳಗೇ ಅದಕ್ಕೆ ತಾಗಿ ಗಾಜಿನ ಮೇಲೆ ಉದ್ದಕ್ಕೆ ಗೀರು ಬೀಳತ್ತೆ, ಅದು ಗೊತ್ತಾಗೋದು ಮತ್ತೆ ಏರಿಸಿದಾಗ್ಲೇ.