12 ಲೀಟರ್ ಟ್ಯಾಂಕ್, 80 ಘನ ಅಡಿ ಟ್ಯಾಂಕ್: ನನ್ನ ಗಾಳಿಯ ಖರ್ಚು ಎಷ್ಟು?

ಪ್ರಶ್ನೆ: ನಾನು ಸ್ಕೂಬಾ (ಗಾಳಿಯ ಟ್ಯಾಂಕ್ ಹೊತ್ತು ನೀರಿನೊಳಗೆ ಈಜುವುದು) ಕಲಿತದ್ದು ಬಾರ್ (ಒತ್ತಡದ ಅಳತೆ), ಲೀಟರ್ ಲೆಕ್ಕದಲ್ಲಿ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಡೈವ್‌ಗಳನ್ನೂ ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ. ಈಗ ಫ್ಲೋರಿಡಾದ ಕೀ ಲಾರ್ಗೋಗೆ ಹೊರಟಿದ್ದೇನೆ. ಅಲ್ಲಿ ಟ್ಯಾಂಕಿಗೆ ‘80’ ಅನ್ನುತ್ತಾರೆ, ಒತ್ತಡದ ಗೇಜ್ 3000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ತೋರಿಸುತ್ತದೆ. ನಿಮಿಷಕ್ಕೆ ಎಷ್ಟು ಗಾಳಿ ಬಳಸುತ್ತೇನೆಂದು ಲೆಕ್ಕ ಹಾಕುವುದು ಹೇಗೆ?

ಉತ್ತರ: ಬಾರ್ ಅನ್ನು ಪಿಎಸ್‌ಐ ಮಾಡುವುದು ಸುಲಭ, 14.5ರಿಂದ ಗುಣಿಸಿದರೆ ಆಯಿತು. ತೊಡಕಿರುವುದು ಟ್ಯಾಂಕಿನ ಅಳತೆಯನ್ನು ಹೇಳುವ ರೀತಿಯಲ್ಲಿ. 12 ಲೀಟರ್ ಟ್ಯಾಂಕ್ ಅಂದರೆ ಅದರೊಳಗೆ 12 ಲೀಟರ್ ನೀರು ಹಿಡಿಯುವಷ್ಟು ಜಾಗವಿದೆ. ಅದಕ್ಕೆ 200 ಬಾರ್ ತುಂಬಿದರೆ 12 × 200, ಅಂದರೆ 2400 ಲೀಟರ್ ಗಾಳಿ. ಅಮೆರಿಕದ ‘80’ ಟ್ಯಾಂಕಿನ ಒಳಜಾಗವನ್ನು ಹೇಳುವುದಿಲ್ಲ. ನಿಗದಿತ ಒತ್ತಡಕ್ಕೆ ತುಂಬಿದಾಗ ಅದರಲ್ಲಿ ಎಷ್ಟು ಘನ ಅಡಿ ಗಾಳಿ ಇರುತ್ತದೆ ಎಂಬುದನ್ನು ಹೇಳುತ್ತದೆ. ಹಾಗಾಗಿ 80 ಅನ್ನು ಪಿಎಸ್‌ಐನಿಂದ ಗುಣಿಸಿದರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ.

ಸಾಮಾನ್ಯ ಅಲ್ಯೂಮಿನಿಯಂ 80ರಲ್ಲಿ 3000 ಪಿಎಸ್‌ಐಗೆ ಹಿಡಿಯುವುದು ನಿಜವಾಗಿ 77.4 ಘನ ಅಡಿ. ಒಳಜಾಗ ಸುಮಾರು 11.1 ಲೀಟರ್. ಈ 11.1 ಅನ್ನು ನೆನಪಿಟ್ಟುಕೊಂಡರೆ ನಿಮ್ಮ ಹಳೆಯ ಲೆಕ್ಕವೇ ಅಲ್ಲೂ ನಡೆಯುತ್ತದೆ.

ಒಂದು ಡೈವ್ ನೋಡೋಣ. ಸರಾಸರಿ ಆಳ 15 ಮೀಟರ್, 40 ನಿಮಿಷ, ಗೇಜ್ 200ರಿಂದ 70 ಬಾರ್‌ಗೆ ಇಳಿದಿದೆ. 130 × 11.1 = 1443 ಲೀಟರ್. 40ರಿಂದ ಭಾಗಿಸಿದರೆ ನಿಮಿಷಕ್ಕೆ 36. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒತ್ತಡ 1 ಬಾರ್ ಏರುತ್ತದೆ, ಮೇಲಿನ ವಾತಾವರಣದ್ದು ಇನ್ನೊಂದು. ಅಂದರೆ 15 ಮೀಟರಿನಲ್ಲಿ 2.5 ಬಾರ್, ಒಂದೊಂದು ಉಸಿರಿಗೂ ಮೇಲಿನದರ ಎರಡೂವರೆ ಪಟ್ಟು ಗಾಳಿ ಹೋಗುತ್ತದೆ. 36 ಅನ್ನು 2.5ರಿಂದ ಭಾಗಿಸಿದರೆ ಸುಮಾರು 14.4. ನೀರಿನ ಮೇಲ್ಮಟ್ಟದ ಒತ್ತಡಕ್ಕೆ ಹೊಂದಿಸಿ ಹೇಳಿದ ನಿಮ್ಮ ಖರ್ಚು ಅದು, ನಿಮಿಷಕ್ಕೆ ಲೀಟರಿನಲ್ಲಿ.

ಅದೇ ಡೈವ್ ಅಮೆರಿಕದ ಲೆಕ್ಕದಲ್ಲಿ: ಖರ್ಚು 1885 ಪಿಎಸ್‌ಐ. 77.4 ÷ 3000 = 0.0258, ಅಂದರೆ ಒಂದು ಪಿಎಸ್‌ಐಗೆ ಇಷ್ಟು ಘನ ಅಡಿ. ಒಟ್ಟು 48.6 ಘನ ಅಡಿ. 40ರಿಂದಲೂ, 49 ಅಡಿ ಆಳದ ಒತ್ತಡ 2.48ರಿಂದಲೂ ಭಾಗಿಸಿದರೆ (ಅಲ್ಲಿ ಪ್ರತಿ 33 ಅಡಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆಂದು ಲೆಕ್ಕ) 0.49. ಒಂದು ಘನ ಅಡಿಗೆ 28.3 ಲೀಟರಿನಂತೆ ಸುಮಾರು 13.9. ಅರ್ಧ ಲೀಟರ್ ವ್ಯತ್ಯಾಸ ಕಂಡು ಗಾಬರಿಯಾಗಬೇಡಿ. ಇಷ್ಟು ಹೆಚ್ಚಿನ ಒತ್ತಡದಲ್ಲಿ ಗಾಳಿ ಸರಳ ಗುಣಾಕಾರ ಹೇಳುವಷ್ಟು ಕುಗ್ಗುವುದಿಲ್ಲ. 77.4ರಲ್ಲಿ ಆ ಕೊರತೆ ಸೇರಿದೆ, ನಮ್ಮ ಲೀಟರ್ ಲೆಕ್ಕದಲ್ಲಿ ಸೇರಿಲ್ಲ.

‘ನಾನು ನಿಮಿಷಕ್ಕೆ ಇಷ್ಟು ಬಾರ್ ಉಸಿರಾಡುತ್ತೇನೆ’ ಎಂದು ಮಾತ್ರ ಬರೆದಿಡಬೇಡಿ. ಟ್ಯಾಂಕ್ ಬದಲಾದ ಕೂಡಲೇ ಆ ಸಂಖ್ಯೆ ಸುಳ್ಳಾಗುತ್ತದೆ. 15 ಲೀಟರ್ ಟ್ಯಾಂಕಿನಲ್ಲಿ ಬಾರ್ ನಿಧಾನವಾಗಿ ಇಳಿಯುತ್ತದೆ, 10 ಲೀಟರಿನದರಲ್ಲಿ ಬೇಗ. ಲೀಟರ್ ಅಥವಾ ಘನ ಅಡಿಯಲ್ಲಿ ಬರೆದದ್ದು ಎಲ್ಲ ಟ್ಯಾಂಕಿಗೂ ನಿಲ್ಲುತ್ತದೆ.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಬಹಳ ಮಂದಿ ಬಿಡುತ್ತಾರೆ. ಆಗಷ್ಟೇ ತುಂಬಿದ ಟ್ಯಾಂಕ್ ಮುಟ್ಟಿದರೆ ಬೆಚ್ಚಗಿರುತ್ತದೆ. 45 ಡಿಗ್ರಿಯ ಟ್ಯಾಂಕ್ 28 ಡಿಗ್ರಿಯ ನೀರಿಗಿಳಿದರೆ, ಒಂದು ಉಸಿರೂ ಎಳೆಯದೆ ಸುಮಾರು 10 ಬಾರ್ ಇಳಿಯುತ್ತದೆ. ದೋಣಿಯ ಮೇಲೆ ಓದಿದ ಒತ್ತಡದಿಂದ ಲೆಕ್ಕ ಶುರು ಮಾಡಿದರೆ, ಮೇಲಿನ ಉದಾಹರಣೆಯಲ್ಲಿ 1 ಲೀಟರಿಗೂ ಹೆಚ್ಚು ತಪ್ಪು ಬರುತ್ತದೆ. ಇಳಿದು ಕೆಲವು ನಿಮಿಷವಾದ ಮೇಲೆ ಗೇಜ್ ನೋಡಿ, ಅಲ್ಲಿಂದ ಸಮಯ ಎಣಿಸಿ. ಸರಾಸರಿ ಆಳವನ್ನು ಡೈವ್ ಕಂಪ್ಯೂಟರಿನಿಂದಲೇ ತೆಗೆದುಕೊಳ್ಳಿ. ಅತಿ ಹೆಚ್ಚಿನ ಆಳ ಹಾಕಿದರೆ ನಿಮ್ಮ ಖರ್ಚು ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ, ಅದು ಅಪಾಯ.

ಈಗ ಕೀ ಲಾರ್ಗೋ. ಮೀನು, ಹವಳಗಳಿಗೆ ನೆಲೆಯಾಗುವ ಕೃತಕ ದಿಬ್ಬವಾಗಲೆಂದು 2002ರಲ್ಲಿ ಮುಳುಗಿಸಿದ ಸ್ಪೀಗಲ್ ಗ್ರೋವ್ ಹಡಗಿನ ಬಳಿ 24 ಮೀಟರಿನಲ್ಲಿ ಇರುತ್ತೀರಿ ಎನ್ನಿ. ಒತ್ತಡ 3.4 ಬಾರ್, ಖರ್ಚು 14.4 × 3.4, ಅಂದರೆ ನಿಮಿಷಕ್ಕೆ 49 ಲೀಟರ್. 50 ಬಾರ್ ಮುಟ್ಟದೆ ಉಳಿಸಿದರೆ ಬಳಸಲು 150 × 11.1 = 1665 ಲೀಟರ್, ಮೇಲೇರುವ ಹೊತ್ತೂ ಸೇರಿ 34 ನಿಮಿಷ. ಕಂಪ್ಯೂಟರಿನ ಡಿಕಂಪ್ರೆಷನ್ ಮಿತಿ (ನಡುವೆ ತಡೆದು ನಿಲ್ಲದೆ ಮೇಲೇರಬಹುದಾದ ಸಮಯದ ಮಿತಿ) ಅದಕ್ಕೂ ಮೊದಲೇ ಬರಬಹುದು. ಅಲ್ಲಿ ಸೆಳೆತ ಜೋರಿರುವ ದಿನಗಳುಂಟು. ಸೆಳೆತದೆದುರು ಈಜುವಾಗ 14 ಲೀಟರ್ ಉಸಿರಾಟ ಉಳಿಯುವುದಿಲ್ಲ. 20 ಹಿಡಿದು ಲೆಕ್ಕ ಹಾಕಿ: 34 ನಿಮಿಷ 24ಕ್ಕೆ ಇಳಿಯುತ್ತದೆ.